ಕಾಣೆಯಾದ ಮೂವತ್ತಮೂರು ವೋಲ್ಟು

ಹಗರಿಬೊಮ್ಮನಹಳ್ಳಿಯ ಬಸ್ ನಿಲ್ದಾಣದಿಂದ ರೈಲ್ವೆ ಸ್ಟೇಷನ್ನಿನ ಕಡೆ ಹೊರಟರೆ ಎಡಕ್ಕೆ ಒಂದು ಬೋರ್ಡು ಕಾಣುತ್ತದೆ. ‘ಶ್ರೀ ಮರುಳಸಿದ್ಧ ಮೋಟಾರ್ ವೈಂಡಿಂಗ್ ವರ್ಕ್ಸ್. ಮಾಲೀಕರು: ಕೆ. ಉಜ್ಜಿನಪ್ಪ, ಎಸ್.ಎಸ್.ಎಲ್.ಸಿ.’

ಡಾಕ್ಟರರ ಬೋರ್ಡಿನ ಮೇಲೆ, ವಕೀಲರ ಬೋರ್ಡಿನ ಮೇಲೆ ಓದಿನ ವಿವರ ಇರುವುದು ಎಲ್ಲ ಊರಿನಲ್ಲೂ ಇದ್ದದ್ದೇ. ಸುಟ್ಟ ಪಂಪ್‌ಸೆಟ್ಟಿಗೆ ತಾಮ್ರದ ತಂತಿ ಸುತ್ತಿ ಕೊಡುವವನ ಬೋರ್ಡಿನ ಮೇಲೆ ಅದು ಇರುವುದು ನಮ್ಮ ತಾಲ್ಲೂಕಿನಲ್ಲಿ ಇದೊಂದೇ ಕಡೆ. ಇಪ್ಪತ್ತೆರಡು ವರ್ಷದ ಹಿಂದೆ ಅಂಗಡಿ ತೆರೆದಾಗ ಬೋರ್ಡು ಬರೆಯುವ ಪೇಂಟರು, ‘ಹೆಸರಿನ ಮುಂದ ಏನರ ಹಾಕ್ಲೇನ್ರಿ? ಜಾಗ ಉಳದೈತಿ’ ಎಂದು ಕೇಳಿದ್ದ. ಉಜ್ಜಿನಪ್ಪ ಎಸ್ಸೆಸ್ಸೆಲ್ಸಿ ಪರೀಕ್ಷೆ ಬರೆದಿದ್ದು ಸುಳ್ಳಲ್ಲ. ಪಾಸಾಗಿದೆಯೇ ಎಂದು ಪೇಂಟರು ಕೇಳಲಿಲ್ಲ, ಇವನೂ ಆ ಮಾತು ಎತ್ತಲಿಲ್ಲ. ಐದು ವಿಷಯಗಳಲ್ಲಿ ಪಾಸು, ವಿಜ್ಞಾನದಲ್ಲಿ ಮಾತ್ರ ನೂರಕ್ಕೆ ಇಪ್ಪತ್ತೆಂಟು. ಆ ಅಂಕಪಟ್ಟಿ ಮನೆಯ ಟ್ರಂಕಿನ ತಳದಲ್ಲಿ, ಹಾಸಿದ ಹಳೇ ಪೇಪರಿನ ಕೆಳಗೆ ಇಪ್ಪತ್ತೆರಡು ವರ್ಷದಿಂದ ಉಸಿರು ಬಿಗಿಹಿಡಿದು ಮಲಗಿತ್ತು. ಹೆಣ್ಣು ಕೊಡುವ ಮುಂಚೆ ಹೆಂಡತಿ ಗಂಗಾಂಬಿಕಾಳ ತವರಿನವರು ಬಂದು ಬೋರ್ಡು ಓದಿಕೊಂಡು, ಸಮಾಧಾನಪಟ್ಟುಕೊಂಡು ಹೋಗಿದ್ದರು.

ಹಾಗಂತ ಉಜ್ಜಿನಪ್ಪನ ಕೈಗುಣವನ್ನು ಯಾರೂ ಆಡಿಕೊಳ್ಳುವ ಹಾಗಿಲ್ಲ. ಮೋಟಾರಿನ ಮೇಲೆ ಕೈಯಿಟ್ಟು, ವಾಸನೆ ನೋಡಿ, ‘ಇದು ನಿನ್ನಿ ಸಂಜಿ ಸುಟ್ಟೈತಿ, ಒಂದು ಫೇಸು ಹೋದ ಮ್ಯಾಲೂ ಓಡಿಸ್ಯಾರ’ ಎಂದುಬಿಡುತ್ತಿದ್ದ. ಹಡಗಲಿ, ಕೊಟ್ಟೂರು ಕಡೆಯಿಂದ ಟೆಂಪೋದಲ್ಲಿ ಮೋಟಾರು ಹಾಕಿಕೊಂಡು ಬರುವವರಿದ್ದರು. ಆದರೆ ಅವನು ಮೋಟಾರು ರಿಪೇರಿ ಮಾಡಿ ಸುಮ್ಮನಿರುತ್ತಿರಲಿಲ್ಲ. ಜೊತೆಗೆ ಒಂದು ಉಪನ್ಯಾಸವನ್ನೂ ಕೊಡುತ್ತಿದ್ದ. ‘ಕರೆಂಟು ಅನ್ನೋದು ನೋಡ್ರಿ, ಒಂಥರಾ ಸ್ವಭಾವ’ ಎಂದು ಶುರುವಾಗುತ್ತಿದ್ದ ಆ ಮಾತು ಮನೆಯ ಊಟದ ತಟ್ಟೆಯವರೆಗೂ ಬರುತ್ತಿತ್ತು. ಗಂಗಾಂಬಿಕಾಳಿಗೆ ಅದು ಒಗ್ಗರಣೆಯ ಚಟಪಟದ ಹಾಗೆ, ಕಿವಿಗೆ ಬೀಳುತ್ತಿತ್ತು, ತಲೆಗೆ ಹೋಗುತ್ತಿರಲಿಲ್ಲ. ಮಗಳು ಸುಕನ್ಯಾ ಮಾತ್ರ ಅಕ್ಷರ ಬಿಡದೆ ಕೇಳುತ್ತಿದ್ದಳು. ಹತ್ತನೇ ಕ್ಲಾಸಿಗೆ ಬಂದಾಗ ತಾಯಿ ಟ್ಯೂಷನ್ ಮಾತೆತ್ತಿದರೆ ಉಜ್ಜಿನಪ್ಪ ನಕ್ಕುಬಿಟ್ಟಿದ್ದ.

‘ಕರೆಂಟಿನ ಮನ್ಯಾಗ ಹುಟ್ಟಿದಾಕಿಗೆ ಟ್ಯೂಷನ್ ಬ್ಯಾರೆ ಕೇಡು! ನಾನು ಯಾಕ ಅದೀನಿ?’

ಅವನು ಯಾಕೆ ಇದ್ದಾನೆ ಎಂಬುದು ಫೆಬ್ರುವರಿಯಲ್ಲಿ ಪೂರ್ವಸಿದ್ಧತಾ ಪರೀಕ್ಷೆಯ ಅಂಕ ಬಂದಾಗ ಗೊತ್ತಾಯಿತು. ವಿಜ್ಞಾನ ಪತ್ರಿಕೆಯ ಭೌತಶಾಸ್ತ್ರದ ಭಾಗದಲ್ಲಿ ಸುಕನ್ಯಾಳಿಗೆ ಇಪ್ಪತ್ತೆಂಟಕ್ಕೆ ಆರು. ಆ ಆರೂ ಬೆಳಕಿನ ಪಾಠದಿಂದ ಬಂದವು. ವಿದ್ಯುತ್ತಿನ ಪಾಠದಿಂದ ಬಂದದ್ದು ಸೊನ್ನೆ.

ವಿಜ್ಞಾನದ ಶಿಕ್ಷಕಿ ಕ್ರಾಂತಿ ಮೇಡಂ ಕೂಡ್ಲಿಗಿ ಕಡೆಯವರು, ವಯಸ್ಸು ಮೂವತ್ತರ ಒಳಗೆ. ದನಿ ಎತ್ತದೆ ಮಾತಾಡುವವರು. ಅಂಥವರ ಎದುರು ದನಿ ಎತ್ತುವುದು ಬಹಳ ಕಷ್ಟ ಎಂಬುದು ಉಜ್ಜಿನಪ್ಪನಿಗೆ ಸ್ಟಾಫ್ ರೂಮಿನ ಬಾಗಿಲಲ್ಲೇ ತಿಳಿಯಿತು. ಮೇಡಂ ಉತ್ತರ ಪತ್ರಿಕೆಯನ್ನು ಅವನ ಮುಂದೆ ಸರಿಸಿದರು.

‘ಓದ್ರಿ ಅಣ್ಣಾರ, ನೀವೇ ಓದ್ರಿ.’

ಉಜ್ಜಿನಪ್ಪ ಓದಿದ. ಫ್ಯೂಸಿನ ಕಾರ್ಯವೇನು? ‘ಪದೇ ಪದೇ ಹೋಗುವುದು. ಎರಡು ಎಳೆ ತಾಮ್ರದ ತಂತಿ ಸುತ್ತಿದರೆ ಹೋಗುವುದಿಲ್ಲ.’ ಭೂಸಂಪರ್ಕ ತಂತಿಯ ಮಹತ್ವ? ‘ಗುಂಡಿಯಲ್ಲಿ ಉಪ್ಪು, ಇದ್ದಿಲು ಹಾಕಬೇಕು. ಬೇಸಿಗೆಯಲ್ಲಿ ದಿನಾ ಒಂದು ಕೊಡ ನೀರು ಹಾಕಬೇಕು.’ ಮೋಟಾರಿನ ತಿರುಗುವಿಕೆಯ ದಿಕ್ಕನ್ನು ತಿಳಿಯುವ ನಿಯಮ ಯಾವುದು? ‘ಉಲ್ಟಾ ತಿರುಗಿದರೆ ನೀರು ಬರುವುದಿಲ್ಲ. ಆಗ ಮೂರರಲ್ಲಿ ಯಾವುದಾದರೂ ಎರಡು ವೈರು ಅದಲುಬದಲು ಮಾಡಬೇಕು.’ ನಮ್ಮ ದೇಶದಲ್ಲಿ ಮನೆಗಳಿಗೆ ಪೂರೈಕೆಯಾಗುವ ವಿದ್ಯುತ್ತಿನ ವಿಭವಾಂತರ ಎಷ್ಟು? ‘ಮಧ್ಯಾಹ್ನ ನೂರಾ ತೊಂಬತ್ತು. ಸಂಜೆ ಏಳಕ್ಕೆ ನೂರಾ ಎಪ್ಪತ್ತು. ಮದುವೆ ಸೀಜನ್ನಿನಲ್ಲಿ ಹೇಳಲು ಬರುವುದಿಲ್ಲ.’

ಓದುತ್ತ ಓದುತ್ತ ಉಜ್ಜಿನಪ್ಪನ ಎದೆ ಉಬ್ಬಿತು. ಒಂದೊಂದು ಮಾತೂ ಅವನದೇ.

‘ಇದರಾಗ ತಪ್ಪೇನೈತ್ರಿ ಮೇಡಂ?’

‘ಪುಸ್ತಕದಾಗ ಇನ್ನೂರಾ ಇಪ್ಪತ್ತು ವೋಲ್ಟ್ ಅಂತ ಐತ್ರಿ.’

‘ಪುಸ್ತಕ ಬರದಾವ್ರು ನಮ್ಮೂರಿಗೆ ಬಂದಿದ್ರೇನು? ಅಳದು ನೋಡ್ಯಾರೇನು?’ ಎನ್ನುತ್ತ ಚೀಲದಿಂದ ಮೀಟರು ತೆಗೆದ. ಡಾಕ್ಟರು ಮದುವೆಗೆ ಹೋದರೂ ಸ್ಟೆತಸ್ಕೋಪು ಬಿಡುವುದಿಲ್ಲವಲ್ಲ, ಹಾಗೆ ಉಜ್ಜಿನಪ್ಪನ ಚೀಲದಲ್ಲಿ ಮೀಟರು ಯಾವಾಗಲೂ ಇರುತ್ತಿತ್ತು. ಸ್ಟಾಫ್ ರೂಮಿನ ಪ್ಲಗ್ಗಿಗೆ ಎರಡು ಕಡ್ಡಿ ಚುಚ್ಚಿದ. ಮೀಟರು ನೂರಾ ಎಂಬತ್ತೇಳು ತೋರಿಸಿತು. ಕನ್ನಡ ಮೇಷ್ಟ್ರು, ಪಿ.ಟಿ. ಮೇಷ್ಟ್ರು ಎಲ್ಲ ಬಂದು ಬಗ್ಗಿ ನೋಡಿದರು. ಉಜ್ಜಿನಪ್ಪ ಫೋಟೋಕ್ಕೆ ನಿಂತವನ ಹಾಗೆ ನಿಂತಿದ್ದ.

ಕ್ರಾಂತಿ ಮೇಡಂ ಮಾತ್ರ ಬಗ್ಗಲಿಲ್ಲ. ‘ನೀವು ಹೇಳಿದ್ದೂ ಖರೇ, ಪುಸ್ತಕ ಹೇಳಿದ್ದೂ ಖರೇ. ಇನ್ನೂರಾ ಇಪ್ಪತ್ತರಾಗ ನೂರಾ ಎಂಬತ್ತೇಳು ಹೋದ್ರ ಮೂವತ್ತಮೂರು. ಆ ಮೂವತ್ತಮೂರು ವೋಲ್ಟು ಎಲ್ಲಿ ಹೋತು, ಅದನ್ನ ಹೇಳ್ರಿ.’

‘ಲೈನಿನಾಗ ಹೋತು.’

‘ಯಾಕ ಹೋತು?’

ಉಜ್ಜಿನಪ್ಪ ಬಾಯಿ ತೆರೆದ. ಇಪ್ಪತ್ತೆರಡು ವರ್ಷದಲ್ಲಿ ಈ ಊರಿನ ರೈತರು ‘ಎಷ್ಟಾಗತೈತಿ’, ‘ಯಾವಾಗ ಕೊಡ್ತಿ’ ಎಂದು ಕೇಳಿದ್ದರೇ ಹೊರತು ‘ಯಾಕೆ’ ಎಂದು ಒಬ್ಬರೂ ಕೇಳಿರಲಿಲ್ಲ. ತೆರೆದ ಬಾಯಿಯನ್ನು ಹಾಗೇ ಮುಚ್ಚಿದರೆ ಚೆನ್ನಾಗಿರುವುದಿಲ್ಲವೆಂದು ‘ಅದಕ್ಕ ಬಾಳ ಕಾರಣ ಅದಾವ್ರಿ’ ಎಂದು ಮುಚ್ಚಿದ.

ಮೇಡಂ ದನಿ ಇನ್ನಷ್ಟು ತಗ್ಗಿಸಿದರು. ‘ನಿಮ್ಮ ಮಗಳು ಶ್ಯಾಣ್ಯಾಕಿ ಅದಾಳ. ಆದರ ನಾನು ಏನು ಹೇಳಿದ್ರೂ, ನಮ್ಮಪ್ಪ ಹಂಗ ಹೇಳಿಲ್ಲ ಅಂತಾಳ. ಹಿಂಗೇ ಹೋದ್ರ ವಿಜ್ಞಾನದಾಗ ಫೇಲ್ ಆಗ್ತಾಳ. ನಾನು ಆಕಿನ್ನ ದತ್ತು ತಗೊಂಡೀನಿ. ನಾಳಿಂದ ಬೆಳಿಗ್ಗೆ ಐದಕ್ಕ ಫೋನ್ ಮಾಡ್ತೀನಿ.’

ಉಜ್ಜಿನಪ್ಪನ ಮುಖ ನೋಡಿ ಪಿ.ಟಿ. ಮೇಷ್ಟ್ರೇ ಬಿಡಿಸಿ ಹೇಳಿದರು. ಫಲಿತಾಂಶ ಏರಿಸಲು ಪ್ರತಿ ಶಿಕ್ಷಕರೂ ಓದಿನಲ್ಲಿ ಹಿಂದಿರುವ ಐದಾರು ಮಕ್ಕಳನ್ನು ಹಂಚಿಕೊಳ್ಳುತ್ತಾರೆ, ಬೆಳಗಿನ ಜಾವ ಫೋನು ಮಾಡಿ ಎಬ್ಬಿಸುತ್ತಾರೆ, ಒಂದು ಪ್ರಶ್ನೆ ಕೇಳುತ್ತಾರೆ. ಅದಕ್ಕೆ ದತ್ತು ಎನ್ನುತ್ತಾರೆ, ಅಷ್ಟೇ. ಮನೆಯಲ್ಲಿ ಊಟ ತಿಂಡಿ ನೀವೇ ಹಾಕಬೇಕು.

ಹಿಂದಿರುವ ಮಕ್ಕಳು! ಉಜ್ಜಿನಪ್ಪನಿಗೆ ದಾರಿಯುದ್ದಕ್ಕೂ ಆ ಮಾತು ಚುಚ್ಚಿತು. ಅಂಗಡಿಗೆ ಬಂದರೆ ಓಬಳೇಶಪ್ಪ ಕಟ್ಟೆಯ ಮೇಲೆ ಕೂತಿದ್ದ. ಹಡಗಲಿ ಕಡೆಯ ರೈತ. ಅವನ ಬೋರಿನ ಮೋಟಾರು ಹೊಟ್ಟೆ ಬಿಚ್ಚಿಸಿಕೊಂಡು ನಾಲ್ಕು ದಿನದಿಂದ ಅಂಗಡಿಯಲ್ಲಿ ಬಿದ್ದಿತ್ತು.

‘ಏನಂದ್ರಪಾ ಸಾಲ್ಯಾಗ?’

‘ಏನಂತಾರ? ಮೀಟರ್ ಹಚ್ಚಿ ತೋರಿಸಿ ಬಂದೆ. ಎಲ್ಲಾರೂ ಗಪ್ ಆದ್ರು’ ಎಂದ ಉಜ್ಜಿನಪ್ಪ. ಅರ್ಧ ಸುಳ್ಳು ಅರ್ಧ ನಿಜದ ಹಾಗೇ ಕೇಳಿಸುತ್ತದೆ ಎಂಬುದು ಬೋರ್ಡು ಬರೆಸಿದ ದಿನದಿಂದಲೂ ಅವನಿಗೆ ಗೊತ್ತು.

ಮರುದಿನ ಬೆಳಿಗ್ಗೆ ಐದಕ್ಕೆ ಸರಿಯಾಗಿ ಫೋನು ರಿಂಗಾಯಿತು. ಆ ಮನೆಯಲ್ಲಿ ಐದು ಗಂಟೆಯನ್ನು ನೋಡಿದವಳು ಗಂಗಾಂಬಿಕಾ ಒಬ್ಬಳೇ. ಅವಳು ಹಿತ್ತಿಲಿನಿಂದ ಒಳಗೆ ಬರುವಷ್ಟರಲ್ಲಿ ಫೋನಿನಿಂದ ಹೆಂಗಸಿನ ದನಿ ‘ಎದ್ರೇನು?’ ಎನ್ನುತ್ತಿತ್ತು, ಗಂಡ ಹಾಸಿಗೆಯಲ್ಲಿ ಕೂತು ‘ಹ್ಞೂಂ, ಎದ್ದೀನ್ರಿ’ ಎನ್ನುತ್ತಿದ್ದ.

‘ಯಾರ್ರೀ ಅದು, ಕೋಳಿ ಕೂಗೂ ಮದ್ಲ ನಿಮ್ಮನ್ನ ಎಬ್ಬಸಾಕಿ?’

‘ಸಾಲಿ ಮೇಡಂ. ಸುಕನ್ಯಾನ್ನ ಎಬ್ಬಸಾಕ.’

‘ಸುಕನ್ಯಾ ಮಲಗ್ಯಾಳಲ್ಲ. ಎದ್ದಾವ್ರು ನೀವು.’

ಸುಕನ್ಯಾಳನ್ನು ಎಬ್ಬಿಸುವುದು ಅಷ್ಟು ಸುಲಭವಿರಲಿಲ್ಲ. ಹೊದಿಕೆಯೊಳಗಿಂದಲೇ ‘ಅಪ್ಪ, ನೀನೇ ಹೇಳು’ ಎಂದು ಮಗ್ಗುಲು ಬದಲಿಸಿದಳು. ‘ಆಕಿ ಮುಖ ತೊಳಿಯಾಕತ್ಯಾಳ್ರಿ, ಪ್ರಶ್ನಿ ನಂಗೇ ಹೇಳ್ರಿ’ ಎಂದ ಉಜ್ಜಿನಪ್ಪ. ಹೀಗೆ ಮೂರು ದಿನ ಮಗಳು ಮುಖ ತೊಳೆದಳು, ಅಪ್ಪ ಪ್ರಶ್ನೆ ಕೇಳಿಸಿಕೊಂಡ. ನಾಲ್ಕನೆಯ ದಿನ ಮೇಡಂ ಕೇಳಿದರು, ‘ಎಡಗೈ ನಿಯಮ ಹೇಳ್ರಿ.’

‘ಆಕಿ...’

‘ಮುಖ ತೊಳಿಯಾಕತ್ಯಾಳ, ಗೊತ್ತೈತಿ. ನೀವು ಹೇಳ್ರಿ. ಎಡಗೈ ಚಾಚ್ರಿ. ಹೆಬ್ಬೆರಳು, ತೋರುಬೆರಳು, ನಡುಬೆರಳು, ಮೂರೂ ಒಂದಕ್ಕೊಂದು ಅಡ್ಡ ನಿಲ್ಲಬೇಕು. ತೋರುಬೆರಳು ಕಾಂತಕ್ಷೇತ್ರ, ನಡುಬೆರಳು ಕರೆಂಟು ಹರಿಯೋ ದಿಕ್ಕು, ಹೆಬ್ಬೆರಳು ತಿರುಗೋ ದಿಕ್ಕು. ನಿಂತಾವೇನು?’

ಉಜ್ಜಿನಪ್ಪ ಕತ್ತಲೆಯಲ್ಲಿ ಎಡಗೈ ನೋಡಿಕೊಂಡ. ಅವನ ಎಡಗೈ ತೋರುಬೆರಳಿನ ತುದಿಯನ್ನು ಹತ್ತು ವರ್ಷದ ಹಿಂದೆ ಒಂದು ಮೋಟಾರಿನ ಬೆಲ್ಟು ಕತ್ತರಿಸಿಕೊಂಡು ಹೋಗಿತ್ತು.

‘ನಿಂತಾವ್ರಿ. ಕಾಂತಕ್ಷೇತ್ರ ಸ್ವಲ್ಪ ಮೋಟಾಗೇತಿ.’

ಫೋನಿನ ಆ ಕಡೆ ಮೇಡಂ ಮೊದಲ ಸಲ ನಕ್ಕದ್ದು ಕೇಳಿಸಿತು. ದೀಪ ಹಚ್ಚುತ್ತಿದ್ದ ಗಂಗಾಂಬಿಕಾ ಗಂಡನ ಬೆರಳ ಭಂಗಿಯನ್ನು ಒಮ್ಮೆ ನೋಡಿ ಒಳಗೆ ಹೋದಳು.

ಅಂದು ಅಂಗಡಿಯಲ್ಲಿ ಅವನು ಓಬಳೇಶಪ್ಪನ ಮೋಟಾರಿನ ಮುಂದೆ ಕೂತು ಬೆರಳು ಚಾಚಿದ, ಮಡಚಿದ, ಕೈ ತಿರುಗಿಸಿದ. ಇಷ್ಟು ವರ್ಷ ಸಾವಿರಾರು ಮೋಟಾರು ತಿರುಗಿಸಿದ್ದ. ಅವು ಯಾಕೆ ತಿರುಗುತ್ತವೆ ಎಂದು ಒಮ್ಮೆಯೂ ಅನುಮಾನ ಬಂದಿರಲಿಲ್ಲ. ಓಬಳೇಶಪ್ಪ ಸ್ವಲ್ಪ ಹೊತ್ತು ನೋಡಿದ.

‘ಲೇ ಉಜ್ಜಿನಪ್ಪಾ, ಮಂತ್ರ ಹಾಕಾಕತ್ತೀಯೇನು? ನನ್ನ ದಾಳಿಂಬ್ರಿಗೆ ನೀರು ಬೇಕೋ ಮಾರಾಯಾ, ಮಂತ್ರ ಅಲ್ಲ.’

ಅಪ್ಪ ಒಂದೊಂದೇ ಪ್ರಶ್ನೆ ಕಲಿಯುತ್ತಿದ್ದನೇ ಹೊರತು ಸುಕನ್ಯಾ ಮಾತ್ರ ಅಲ್ಲೇ ಇದ್ದಳು. ಪರೀಕ್ಷೆಗೆ ಇಪ್ಪತ್ತು ದಿನ ಉಳಿದಾಗ ವಿದ್ಯುತ್ತಿನ ಪಾಠವನ್ನು ಮುಚ್ಚಿಯೇ ಇಟ್ಟುಬಿಟ್ಟಳು. ‘ಪುಸ್ತಕದ್ದು ಬರದ್ರ ಸುಳ್ಳು ಬರದಂಗ ಆಗತೈತಿ, ನೀ ಹೇಳಿದ್ದು ಬರದ್ರ ಸೊನ್ನಿ ಬರತೈತಿ. ಅದಕ್ಕ ಆ ಪಾಠನ ಬ್ಯಾಡ ನಂಗ’ ಎಂದಳು. ಉಜ್ಜಿನಪ್ಪನಿಗೆ ಮೇಡಂ ಹೇಳಿದ್ದು ನೆನಪಾಯಿತು: ಹಿಂಗೇ ಹೋದ್ರ ಫೇಲ್ ಆಗ್ತಾಳ. ವಿಜ್ಞಾನದಲ್ಲಿ ಫೇಲಾಗುವುದು ಎಂದರೇನೆಂದು ಅವನಿಗಿಂತ ಚೆನ್ನಾಗಿ ತಿಳಿದವರು ಆ ಓಣಿಯಲ್ಲಿ ಇರಲಿಲ್ಲ. ಪುಸ್ತಕ ಸರಿ, ನನಗೆ ಗೊತ್ತಿಲ್ಲ ಎಂದು ಒಂದು ಮಾತು ಹೇಳಿದರೆ ಸಾಕಿತ್ತು. ಆದರೆ ‘ನನಗೆ ಗೊತ್ತಿಲ್ಲ’ ಎನ್ನುವ ಮಾತನ್ನು ಅವನು ಆಡಿ ಎಷ್ಟು ಕಾಲವಾಗಿತ್ತೆಂದರೆ, ನಾಲಿಗೆಗೆ ಅದರ ದಾರಿಯೇ ಮರೆತುಹೋಗಿತ್ತು. ಹೇಳಿದರೆ ಮುಂದೆ ಬೋರ್ಡಿನ ಮಾತೂ ಬರುತ್ತದೆ. ಬೋರ್ಡಿನ ಹಿಂದೆ ಟ್ರಂಕು ಬರುತ್ತದೆ.

ಹಾಗೆ ಐದು ದಿನ ಹೋದವು. ಆರನೆಯ ಬೆಳಿಗ್ಗೆ ಮೇಡಂ ಫೋನು ಇಟ್ಟ ಮೇಲೆ ನಿದ್ದೆ ಹತ್ತಲಿಲ್ಲ. ಏನೂ ತೋಚದೆ ಚೀಲದಿಂದ ಮೀಟರು ತೆಗೆದು ನಡುಮನೆಯ ಪ್ಲಗ್ಗಿಗೆ ಚುಚ್ಚಿದ. ಊರಿನಲ್ಲಿ ಇನ್ನೂ ಮಿಕ್ಸಿ ತಿರುಗುತ್ತಿರಲಿಲ್ಲ, ಹಿಟ್ಟಿನ ಗಿರಣಿ ತೆರೆದಿರಲಿಲ್ಲ, ವೆಲ್ಡಿಂಗ್ ಅಂಗಡಿಯ ಕಿಡಿ ಹಾರುತ್ತಿರಲಿಲ್ಲ.

ಮೀಟರು ಇನ್ನೂರಾ ಹತ್ತೊಂಬತ್ತು ತೋರಿಸಿತು.

ಉಜ್ಜಿನಪ್ಪ ಮೀಟರನ್ನು ತಟ್ಟಿದ. ಬೇರೆ ಪ್ಲಗ್ಗಿಗೆ ಹಾಕಿದ. ಇನ್ನೂರಾ ಇಪ್ಪತ್ತು! ಇಪ್ಪತ್ತೆರಡು ವರ್ಷ ಅಳೆದಿದ್ದ, ಅಳೆದದ್ದೆಲ್ಲ ಬೆಳಿಗ್ಗೆ ಹತ್ತರ ಮೇಲೆ. ಮೇಡಂ ಫೋನು ಶುರುವಾಗುವ ಮುಂಚೆ ಐದು ಗಂಟೆಗೆ ಅವನು ಎದ್ದದ್ದೇ ಇಲ್ಲವಾದ್ದರಿಂದ, ಐದು ಗಂಟೆಯಲ್ಲಿ ಪುಸ್ತಕ ಸರಿಯಾಗಿರುತ್ತದೆಂದು ತಿಳಿಯುವ ದಾರಿಯೇ ಇರಲಿಲ್ಲ. ಪುಸ್ತಕ ಬರೆದವರು ಬೆಳಗಿನ ಜಾವ ಎದ್ದು ಬರೆದಿರಬೇಕು.

‘ಸುಕನ್ಯಾ! ಏಳವ್ವಾ, ಏಳು! ಪೂರ್ತಿ ಬಂದೈತಿ!’

ಮನೆಗೆ ಬೆಂಕಿ ಬಿತ್ತೇನೋ ಎನ್ನುವ ಹಾಗೆ ತಾಯಿ ಮಗಳು ಇಬ್ಬರೂ ಓಡಿ ಬಂದರು. ಸುಕನ್ಯಾ ಕಣ್ಣುಜ್ಜಿಕೊಂಡು ಮೀಟರು ನೋಡಿದಳು, ಅಪ್ಪನನ್ನು ನೋಡಿದಳು.

‘ಸಂಜಿಗೆ ಎಲ್ಲಿ ಹೊಕ್ಕೈತಿ ಹಂಗಾರ?’

ಇದೇ ಪ್ರಶ್ನೆ, ಈಗ ಮನೆಯೊಳಗೇ. ಉಜ್ಜಿನಪ್ಪ ‘ಕರೆಂಟು ಅನ್ನೋದು ನೋಡು, ಒಂಥರಾ...’ ಎಂದು ಶುರು ಮಾಡಿ ನಿಂತ. ಮಗಳು ಅವನ ಬಾಯಿಯ ಮೇಲೇ ಕಣ್ಣಿಟ್ಟುಕೊಂಡು ಕಾಯುತ್ತಿದ್ದಳು. ಈಗ ಏನು ಹೇಳಿದರೂ ಅವಳು ಅದನ್ನೇ ಉತ್ತರ ಪತ್ರಿಕೆಯಲ್ಲಿ ಬರೆಯುತ್ತಾಳೆ.

‘ನಂಗ ಗೊತ್ತಿಲ್ಲವ್ವಾ’ ಎಂದ.

ಗಂಗಾಂಬಿಕಾ ಕೈಯಲ್ಲಿದ್ದ ಚೊಂಬನ್ನು ಕೆಳಗಿಟ್ಟಳು.

‘ಎಲ್ಲಿ ಹೊಕ್ಕೈತಿ ಅಂತ ಗೊತ್ತೈತಿ, ಯಾಕ ಹೊಕ್ಕೈತಿ ಅಂತ ಗೊತ್ತಿಲ್ಲ. ಮೋಟಾರು ತಿರುಗಸಾಕ ಬರತೈತಿ, ಯಾಕ ತಿರುಗತೈತಿ ಅಂತ ಹೋದ ವಾರ ಮೇಡಂ ಹೇಳಿದ್ರು. ಮತ್ತ... ಬೋರ್ಡಿನಾಗ ಬರದದ್ದು ಐತಲ್ಲ...’

‘ಇಪ್ಪತ್ತೆಂಟು ಮಾರ್ಕ್ಸು’ ಎಂದಳು ಸುಕನ್ಯಾ.

‘ಹ್ಞಾಂ?’

‘ಎಂಟನೇ ಕ್ಲಾಸಿನಾಗ ಜಾತಿ ಸರ್ಟಿಫಿಕೇಟು ಹುಡುಕಾಕ ಟ್ರಂಕು ತಗದಿದ್ದೆ. ಅವ್ವಗೂ ತೋರಿಸಿದ್ದೆ.’

ಉಜ್ಜಿನಪ್ಪ ಹೆಂಡತಿಯ ಕಡೆ ತಿರುಗಿದ. ಅವಳು ಚೊಂಬು ಎತ್ತಿಕೊಂಡಳು. ‘ನಂಗ ಮದುವಿ ಆದ ವರ್ಷನ ಗೊತ್ತಿತ್ತು. ಹಳೇ ಪೇಪರ್ ಬದಲಿ ಮಾಡಾಕಿ ನಾನ ಅಲ್ಲೇನು? ದೀಪಾವಳಿಗೊಮ್ಮಿ ತಗದು, ಧೂಳು ವರಸಿ, ಹಂಗ ಮತ್ತ ಕೆಳಗ ಇಟ್ಟೀನಿ.’

ಹೀಗೆ ಇಡೀ ಮನೆ ಕೂಡಿ ಅವನಿಂದಲೇ ಕಾಪಾಡಿಕೊಂಡು ಬಂದಿದ್ದ ಗುಟ್ಟು ಬಯಲಾಗಿ, ಅವನಿಗೆ ಸಿಟ್ಟು ಬರಬೇಕೋ ನಗು ಬರಬೇಕೋ ತಿಳಿಯಲಿಲ್ಲ.

‘ಮತ್ತ ಫೇಲಾದವನ ಮಾತು ಕೇಳಿ ಪೇಪರ್ ಯಾಕ ಬರದಿ?’

‘ನೀನು ಹೇಳಿದಂಗ ವೈರು ಬದಲಿ ಮಾಡಿದ್ರ ಮೋಟಾರು ತಿರುಗತೈತಲ್ಲ ಅಪ್ಪ. ಪುಸ್ತಕ ಹೇಳಿದಂಗ ಆಗಿದ್ದು ನಾನು ನೋಡೇ ಇರಲಿಲ್ಲ. ಇವತ್ತೇ ನೋಡಿದ್ದು’ ಎಂದು ಮೀಟರು ತೋರಿಸಿದಳು. ಆಮೇಲೆ ತಾನಾಗಿಯೇ ಹೋಗಿ ಪುಸ್ತಕ ತಂದಳು.

ಅಪ್ಪ ಮಗಳು ನಡುಮನೆಯ ನೆಲದ ಮೇಲೆ ಕೂತು ಮುಚ್ಚಿಟ್ಟಿದ್ದ ಪಾಠ ತೆಗೆದರು. ಓಮನ ನಿಯಮ ಎರಡು ಸಲ ಓದಿದ ಮೇಲೆ ಸುಕನ್ಯಾ ಬೆರಳಿಟ್ಟಳು. ‘ಇಲ್ಲಿ ನೋಡು. ತಂತಿಗೂ ರೋಧ ಇರತೈತಿ, ಅಂದ್ರ ಕರೆಂಟಿಗೆ ಅಡ್ಡಿ. ಉದ್ದ ಆದಷ್ಟೂ ಜಾಸ್ತಿ. ಸಂಜಿಗೆ ಎಲ್ಲಾರೂ ಒಮ್ಮಿಗೇ ಕರೆಂಟು ಎಳೀತಾರ. ಎಳದ ಕರೆಂಟನ್ನ ತಂತಿ ರೋಧದಿಂದ ಗುಣಿಸಿದ್ರ ಎಷ್ಟು ಬರತೈತೋ ಅಷ್ಟು ವೋಲ್ಟು ದಾರ್ಯಾಗ ಖರ್ಚು. ಐದು ಗಂಟಿಗೆ ಯಾರೂ ಎಳಿಯಂಗಿಲ್ಲ, ಖರ್ಚೂ ಇಲ್ಲ.’

‘ಅದಕ್ಕ ದೂರದ ಬೋರಿಗೆ ದಪ್ಪ ಕೇಬಲ್ ಹಾಕ್ರಿ ಅಂತ ಬಡ್ಕೊಂತೀನಿ ನಾನು!’

‘ಹ್ಞೂಂ. ದಪ್ಪ ಆದ್ರ ರೋಧ ಕಡಿಮಿ. ಅದೂ ಬರದೈತಿ, ಮುಂದಿನ ಪುಟದಾಗ.’

ಉಜ್ಜಿನಪ್ಪ ಪುಟ ತಿರುವಿ ನೋಡಿದ. ಬರೆದಿತ್ತು. ‘ಅಂದ್ರ ಇಪ್ಪತ್ತೆರಡು ವರ್ಷದಿಂದ ನಾನೂ ಓಮನೂ ಒಂದೇ ಮಾತು ಹೇಳಾಕತ್ತೀವಿ. ಆ ಮನಿಷ್ಯಾಗೆ ನನ್ನ ಪರಿಚಯ ಇರಲಿಲ್ಲ, ಅಷ್ಟೇ’ ಎಂದ. ನಾಲ್ಕು ನಿಮಿಷ ತಗ್ಗಿದ್ದ ಎದೆ ಮತ್ತೆ ತನ್ನ ಅಳತೆಗೆ ಬಂತು.

ಅಂದಿನಿಂದ ಐದರ ಫೋನನ್ನು ಸುಕನ್ಯಾಳೇ ಎತ್ತಿದಳು. ಉತ್ತರ ಹೇಳಿ, ಅಂಗಡಿಯಲ್ಲಿ ಅದನ್ನು ನೋಡಿ, ಬಂದು ಬರೆಯುತ್ತಿದ್ದಳು. ಫ್ಯೂಸಿಗೆ ಎರಡು ಎಳೆ ತಾಮ್ರ ಸುತ್ತುವುದು ಎಂಥ ಅಪಾಯ ಎಂಬ ಪಾಠ ಓದಿದ ಸಂಜೆ ಉಜ್ಜಿನಪ್ಪ ಯಾರಿಗೂ ಹೇಳದೆ ಸ್ಟೂಲು ಹಾಕಿಕೊಂಡು ಮನೆಯ ಫ್ಯೂಸಿನ ತಂತಿ ಬದಲಿಸಿದ. ಎಡಗೈ ನಿಯಮವನ್ನು ಮಾತ್ರ ಮಗಳ ಬೆರಳ ಮೇಲೇ ಕಲಿಯಬೇಕಾಯಿತು, ಅವಳ ಕಾಂತಕ್ಷೇತ್ರ ಪೂರ್ತಿ ಇತ್ತು.

ವಿಜ್ಞಾನದ ಪರೀಕ್ಷೆಯ ದಿನ ಕೇಂದ್ರದ ಹತ್ತಿರ ಯಾರನ್ನೂ ಬಿಡುತ್ತಿರಲಿಲ್ಲ. ಉಜ್ಜಿನಪ್ಪ ದೂರದ ಬೇವಿನ ಮರದ ಕೆಳಗೆ ನಿಂತ. ಅವನನ್ನು ಹುಡುಕಿಕೊಂಡು ಓಬಳೇಶಪ್ಪ ಅಲ್ಲಿಗೂ ಬಂದ.

‘ನನ್ನ ಮೋಟಾರು?’

‘ನಿನ್ನಿನ ಆಗೇತಿ. ಆದರ ಓಬಳೇಶಪ್ಪಾ, ನಿನ್ನ ಮೋಟಾರು ಯಾಕ ತಿರುಗತೈತಿ ಗೊತ್ತೇನು ನಿನಗ?’

‘ನೀನು ರಿಪೇರಿ ಮಾಡಿದ್ದಕ್ಕ.’

‘ಅದು ಖರೇ’ ಎಂದ ಉಜ್ಜಿನಪ್ಪ ಸ್ವಲ್ಪ ಯೋಚಿಸಿ. ‘ಅದರ ಹಿಂದ ಇನ್ನೂ ಒಂದು ಕಾರಣ ಐತಿ’ ಎಂದು ಎಡಗೈ ಎತ್ತಿದ. ಓಬಳೇಶಪ್ಪ ಮರದ ಬುಡಕ್ಕೆ ಕೂತ. ತಪ್ಪಿಸಿಕೊಳ್ಳುವ ಹಾಗಿರಲಿಲ್ಲ.

ಪರೀಕ್ಷೆ ಬಿಟ್ಟಾಗ ಸುಕನ್ಯಾ ಓಡಿ ಬರಲಿಲ್ಲ, ನಡೆದೇ ಬಂದಳು. ಉಜ್ಜಿನಪ್ಪನೇ ಎದುರು ಹೋದ.

‘ವೋಲ್ಟಿನ ಪ್ರಶ್ನಿ ಬಂದಿತ್ತೇನು?’

‘ಬಂದಿತ್ತು.’

‘ಏನಂತ ಬರದಿ?’

‘ಇನ್ನೂರಾ ಇಪ್ಪತ್ತು ಅಂತ ಬರದೆ.’ ನಕ್ಕಳು. ‘ಕೆಳಗ ಜಾಗ ಉಳದಿತ್ತು. ನಮ್ಮೂರಾಗ ಸಂಜಿಗೆ ಕಡಿಮಿ ಆಗತೈತಿ ಅಂತ ಬರದು, ಯಾಕಂತ ಕಾರಣನೂ ಬರದೆ.’

ಜಾಗ ಉಳಿದರೆ ಸುಮ್ಮನೆ ಬಿಡುವ ವಂಶವಲ್ಲ ಅದು.

ವಿಜ್ಞಾನದಲ್ಲಿ ಎಂಬತ್ತಕ್ಕೆ ಐವತ್ತನಾಲ್ಕು ಬಂತು. ಕ್ರಾಂತಿ ಮೇಡಂ ಅಂಗಡಿಗೇ ಬಂದು ಹೇಳಿದರು, ಪೇಢೆ ತಿಂದರು, ಹೊರಡುವಾಗ ತಲೆಯೆತ್ತಿ ಬೋರ್ಡು ಓದಿದರು. ಏನೂ ಕೇಳಲಿಲ್ಲ. ಅವರು ಕೇಳದಿದ್ದದ್ದನ್ನೇ ಉಜ್ಜಿನಪ್ಪನಿಗೆ ತಡೆಯಲಾಗಲಿಲ್ಲ. ಮರುದಿನ ಮೋಟಾರಿಗೆ ಹಚ್ಚುವ ಕೆಂಪು ವಾರ್ನಿಷ್ ಡಬ್ಬಿ ಹಿಡಿದು ಏಣಿ ಹತ್ತಿದ. ಕೊನೆಯ ನಾಲ್ಕು ಅಕ್ಷರ ಅಳಿಸಲು ಮನಸ್ಸು ಬರಲಿಲ್ಲ. ಅವುಗಳ ಮುಂದೆ ಇನ್ನೂ ಒಂದು ಗೇಣು ಜಾಗವಿತ್ತು. ಅಲ್ಲಿ ಕುಂಚದಿಂದ ತಾನೇ ಬರೆದ: ‘ಓದುತ್ತಿದ್ದಾರೆ.’

ಬರೆದ ಮೇಲೆ ಓದಲೇಬೇಕಾಯಿತು. ಹಳೇ ಪಾಠಗಳೆಲ್ಲ ಬದಲಾಗಿರುವುದರಿಂದ ಖಾಸಗಿಯಾಗಿ ಪರೀಕ್ಷೆ ಕಟ್ಟಿ ಆರೂ ವಿಷಯ ಹೊಸದಾಗಿ ಬರೆಯಬೇಕಂತೆ ಎಂದು ಯಾರೋ ಹೇಳಿ ಅವನನ್ನು ಎರಡು ದಿನ ಮಂಕಾಗಿಸಿದ್ದರು. ಸುಕನ್ಯಾ ವಿಜ್ಞಾನ ತೆಗೆದುಕೊಂಡು ಕೊಟ್ಟೂರಿನ ಕಾಲೇಜಿಗೆ ಸೇರಿ, ಅಲ್ಲಿ ಸೋದರತ್ತೆಯ ಮನೆಯಲ್ಲಿ ಉಳಿದಳು. ಅವಳು ಹೋದ ಮೊದಲ ವಾರವೇ ಒಂದು ಬೆಳಿಗ್ಗೆ, ಐದಕ್ಕೆ ಸರಿಯಾಗಿ ಉಜ್ಜಿನಪ್ಪನ ಫೋನು ರಿಂಗಾಯಿತು. ಅವನು ಹೊದಿಕೆಯನ್ನು ತಲೆಯ ಮೇಲೆಳೆದುಕೊಂಡ. ಗಂಗಾಂಬಿಕಾ ಫೋನು ಎತ್ತಿ ಮಗಳ ಮಾತು ಕೇಳಿಸಿಕೊಂಡು, ತಂದು ಅವನ ಕಿವಿಯ ಹತ್ತಿರ ಹಿಡಿದಳು.

‘ಏಳ್ರಿ. ನಿಮ್ಮನ್ನ ದತ್ತು ತಗೊಂಡಾಕಿ ಫೋನ್ ಮಾಡ್ಯಾಳ.’

ಹೊದಿಕೆಯೊಳಗಿಂದ ಸಣ್ಣ ದನಿ ಬಂತು. ‘ಮುಖ ತೊಳಿಯಾಕತ್ಯಾರ ಅಂತ ಹೇಳು.’